ಬೆಕ್ಕಿನ ಕೊರಳಿಗೆ ಎಷ್ಟು ಭಾರ? ಟ್ರ್ಯಾಕರ್ ಕೊಳ್ಳುವ ಮುಂಚಿನ ಲೆಕ್ಕ

ಹೋದ ವರ್ಷ ಒಂದು ಸಂಜೆ ನಮ್ಮ ಓಣಿಯ ಪತ್ತಾರರ ಅಂಗಡಿಗೆ ಹೋಗಿದ್ದೆ. ಬಂಗಾರ ತೂಗಿಸಲು ಅಲ್ಲ. ಕೈಯಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ, ಅದಕ್ಕೊಂದು ಪಟ್ಟಿ. ಕಾಕಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ತಕ್ಕಡಿಯ ಮೇಲಿಟ್ಟರು. 38 ಗ್ರಾಂ.

“ಏನ್ರಿ ಇದು?”

“ಬೆಕ್ಕಿನ ಕೊರಳಿಗಿ ಕಟ್ಟೋದು ಕಾಕಾ. ಎಲ್ಲಿ ಹೋಗ್ಯದ ಅಂತ ಫೋನಿನ್ಯಾಗ ತೋರಿಸ್ತದ.”

“ಬೆಕ್ಕಿಗಿ ಮೂರು ತೊಲಿ ಮ್ಯಾಲ ಏನ್ರಿ! ನಮ್ ಮಗಳ ಮದಿವ್ಯಾಗ ಭೀ ಇಷ್ಟು ಹಾಕಿಲ್ಲ ನಾ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ತಲೆ ಕೆಟ್ಟಿತು. ಯಾಕೆಂದರೆ ರಟ್ಟಿನ ಡಬ್ಬದ ಮೇಲೆ 28 ಗ್ರಾಂ ಎಂದು ದೊಡ್ಡದಾಗಿ ಬರೆದಿತ್ತು. ಅದು ಬರೀ ಯಂತ್ರದ ತೂಕ. ಪಟ್ಟಿ, ರಬ್ಬರ್ ಕವಚ, ಕ್ಲಿಪ್ಪು ಎಲ್ಲ ಸೇರಿದರೆ ಇನ್ನೂ ಹತ್ತು ಗ್ರಾಂ. ಬೆಕ್ಕು ಹೊರುವುದು ಒಟ್ಟು ಭಾರವನ್ನು, ಡಬ್ಬದ ಮೇಲಿನ ಅಂಕಿಯನ್ನಲ್ಲ.

ನಮ್ಮ ಮಲ್ಲಿ 2.8 ಕಿಲೋ ಇದ್ದಾಳೆ. ನಮ್ಮ ಕಡೆಯ ನಾಟಿ ಬೆಕ್ಕುಗಳು ಸಾಮಾನ್ಯವಾಗಿ ಇಷ್ಟೇ. ಮೂರು, ಮೂರೂವರೆ ಕಿಲೋ ಆದರೆ ದಷ್ಟಪುಷ್ಟ. ಅವಳಿಗೆ 38 ಗ್ರಾಂ ಎಂದರೆ ಅರವತ್ತು ಕಿಲೋ ಇರುವ ನನಗೆ ಎಂಟುನೂರು ಗ್ರಾಂ. ಮುಕ್ಕಾಲು ಕಿಲೋ ತೊಗರಿಬೇಳೆ ಕೊರಳಿಗೆ ನೇತುಹಾಕಿಕೊಂಡು ಹಗಲೂ ರಾತ್ರಿ ಇರಿ ಎಂದರೆ ನೀವು ಇರ್ತೀರಾ? ಗೋಡೆ ಬೇರೆ ಹತ್ತಬೇಕು.

ಕಾಡುಪ್ರಾಣಿಗಳಿಗೆ ಕೊರಳಪಟ್ಟಿ ಕಟ್ಟುವವರು ದೇಹದ ತೂಕದ 3ರಿಂದ 5 ಶೇಕಡಾ ಒಳಗಿರಲಿ ಎಂದು ಲೆಕ್ಕ ಹಿಡಿಯುತ್ತಾರೆ. ಮನೆ ಬೆಕ್ಕಿಗೆ 2 ಶೇಕಡಾ ದಾಟಬಾರದು ಎನ್ನುವವರಿದ್ದಾರೆ. ನನ್ನ ಕೇಳಿದರೆ 1 ಶೇಕಡಾ. ಸಾಕು ಬೆಕ್ಕುಗಳಿಗೆ ಸಂಶೋಧನೆಗೆಂದು ಕಟ್ಟುವ ಪಟ್ಟಿ ಹೆಚ್ಚಾಗಿ ಕೆಲವು ದಿನದ ಮಾತು, ನಾವು ಕಟ್ಟುವುದು ವರ್ಷಗಟ್ಟಲೆ. 2.8 ಕಿಲೋ ಬೆಕ್ಕಿಗೆ 28 ಗ್ರಾಂ, ಪಟ್ಟಿಯೂ ಸೇರಿ. ಈ ಒಂದು ಲೆಕ್ಕ ಹಾಕಿದರೆ ಮಾರುಕಟ್ಟೆಯಲ್ಲಿರುವ ಅರ್ಧ ಸಾಮಾನು ತಾನಾಗಿಯೇ ಪಕ್ಕಕ್ಕೆ ಹೋಗುತ್ತದೆ. ಆರು ತಿಂಗಳ ಒಳಗಿನ ಮರಿಗಾದರೆ ಯಾವುದೂ ಬೇಡ.

ಮೊದಲು ಕೇಳಬೇಕಾದದ್ದು: ಬೆಕ್ಕು ಹೋಗುವುದಾದರೂ ಎಲ್ಲಿಗೆ?

ನಾವು ಅಂದುಕೊಂಡಷ್ಟು ದೂರ ಹೋಗುವುದಿಲ್ಲ. 2020ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಬೇರೆ ಬೇರೆ ದೇಶಗಳ ಒಂಬೈನೂರಕ್ಕೂ ಹೆಚ್ಚು ಸಾಕು ಬೆಕ್ಕುಗಳಿಗೆ ಜಿಪಿಎಸ್ ಕಟ್ಟಿ ನೋಡಿದ್ದರು. ಹೆಚ್ಚಿನ ಬೆಕ್ಕುಗಳು ಬಹುಪಾಲು ಹೊತ್ತು ಕಳೆದದ್ದು ಮನೆಯಿಂದ 100 ಮೀಟರ್ ಒಳಗೇ. 2018ರ ಇನ್ನೊಂದು ಅಧ್ಯಯನ ಕಳೆದುಹೋದ ಬೆಕ್ಕುಗಳದ್ದು. ಅದರಲ್ಲಿ ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೆ ಸಿಕ್ಕಿದ್ದವು.

ಅಂದರೆ ನಮಗೆ ಬೇಕಾದದ್ದು “ಬೆಕ್ಕು ಯಾವ ಊರಲ್ಲಿದೆ” ಎಂದು ಹೇಳುವ ಯಂತ್ರವಲ್ಲ. “ಯಾರ ಮನೆ ಅಟ್ಟದಲ್ಲಿ ಸಿಕ್ಕಿಹಾಕಿಕೊಂಡಿದೆ” ಎಂದು ಹೇಳುವ ಯಂತ್ರ. ಇವೆರಡೂ ಬೇರೆ ಬೇರೆ ಕೆಲಸ. ಮೊದಲನೆಯದನ್ನು ಚೆನ್ನಾಗಿ ಮಾಡುವ ಯಂತ್ರ ಎರಡನೆಯದರಲ್ಲಿ ಮುಗ್ಗರಿಸುತ್ತದೆ. ನಾನು ದುಡ್ಡು ಕಳೆದುಕೊಂಡದ್ದು ಇದು ಗೊತ್ತಿಲ್ಲದೆ.

ಸಿಮ್ ಹಾಕುವ ಜಿಪಿಎಸ್

ಆ 38 ಗ್ರಾಂ ಡಬ್ಬಿ ಈ ಜಾತಿಯದ್ದು. ಇದು ಎರಡು ಕೆಲಸ ಮಾಡಬೇಕು. ಸುಮಾರು 20 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳ ಸಣ್ಣ ದನಿ ಕೇಳಿ ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕಬೇಕು. ಆಮೇಲೆ ಮೊಬೈಲ್ ನೆಟ್‌ವರ್ಕ್ ಹಿಡಿದು ಅದನ್ನು ನಿಮ್ಮ ಫೋನಿಗೆ ಕಳಿಸಬೇಕು. ಎರಡೂ ಬ್ಯಾಟರಿ ತಿನ್ನುವ ಕೆಲಸ. ಬ್ಯಾಟರಿ ದೊಡ್ಡದಾದರೆ ಭಾರ. ಸಣ್ಣದಾದರೆ ಎರಡು ಮೂರು ದಿನಕ್ಕೊಮ್ಮೆ ಚಾರ್ಜ್. ಹಗುರ ಇರಬೇಕು, ವಾರಗಟ್ಟಲೆ ಬಾಳಬೇಕು, ಕ್ಷಣಕ್ಷಣಕ್ಕೂ ತೋರಿಸಬೇಕು: ಮೂರನ್ನೂ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಬಯಲಲ್ಲಿ ಜಿಪಿಎಸ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೂರರಿಂದ ಐದು ಮೀಟರ್ ಆಚೀಚೆ. ಆದರೆ ನಮ್ಮ ಕಲಬುರಗಿಯ ಬ್ರಹ್ಮಪುರದ ಕಡೆ ಓಣಿಗಳು ಹೇಗಿವೆ? ಎರಡಡಿ ದಪ್ಪದ ಕಲ್ಲುಗೋಡೆ, ಮೇಲೆ ಶಹಾಬಾದ್ ಪರಸಿ, ಅದರ ಮೇಲೆ ಯಾರೋ ಹಾಕಿಸಿದ ತಗಡು. ಆಕಾಶ ಕಾಣುವುದೇ ಒಂದು ಗೇಣು. ಸಿಗ್ನಲ್ ಗೋಡೆಗೆ ಬಡಿದು ಸುತ್ತುಬಳಸಿ ಬಂದರೆ ದೂರದ ಲೆಕ್ಕ ತಪ್ಪುತ್ತದೆ. ಪ್ರತಿ ಉಪಗ್ರಹವೂ ತಾನಿರುವ ಜಾಗದ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಆಗತಾನೇ ಎಚ್ಚರವಾದ ಡಬ್ಬಿ, ನೆಟ್‌ವರ್ಕಿನ ಸಹಾಯವಿಲ್ಲದೆ ಅಷ್ಟನ್ನೂ ಕೇಳಿಸಿಕೊಳ್ಳಬೇಕೆಂದರೆ ಅರ್ಧ ನಿಮಿಷವಾದರೂ ತೆರೆದ ಆಕಾಶ ಬೇಕು. ತಗಡಿನಿಂದ ತಗಡಿಗೆ ಹಾರುವ ಬೆಕ್ಕು ಅಷ್ಟು ಹೊತ್ತು ಎಲ್ಲಿ ಕೊಡುತ್ತದೆ?

ಉಪಗ್ರಹ ಸಿಗದಿದ್ದಾಗ ಅಗ್ಗದ ಡಬ್ಬಿಗಳು ಇನ್ನೊಂದು ಉಪಾಯ ಮಾಡುತ್ತವೆ. ಹತ್ತಿರದ ಮೊಬೈಲ್ ಟವರ್ ನೋಡಿ ಅಂದಾಜು ಹೇಳುತ್ತವೆ. ಅದು ನೂರಾರು ಮೀಟರ್, ಕೆಲವೊಮ್ಮೆ ಕಿಲೋಮೀಟರ್ ತಪ್ಪಬಹುದು. ನಕ್ಷೆಯ ಮೇಲೆ ಮಾತ್ರ ಎರಡೂ ಒಂದೇ ತರಹದ ಚುಕ್ಕೆ.

ಮಲ್ಲಿ ಒಂದು ದಿನ ಮಧ್ಯಾಹ್ನದಿಂದ ಕಾಣಲಿಲ್ಲ. ಫೋನು ನೋಡಿದರೆ ಚುಕ್ಕೆ ಅಪ್ಪನ ಕೆರೆಯ ನೀರಿನೊಳಗೆ. ಎದೆ ಧಸಕ್ ಎಂದಿತು. ಬಿಸಿಲಲ್ಲಿ ಓಡಿದೆ. ಕೆರೆ ದಂಡೆಯಲ್ಲಿ ಅರ್ಧ ತಾಸು ನಿಂತು ವಾಪಸ್ ಬಂದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು. “ಮೊದಲ ಓಣಿ ನೋಡು, ಆಮ್ಯಾಲ ಫೋನು ನೋಡು” ಎಂದು ಹಾಲಿನ ಪಾತೇಲಿಗೆ ಚಮಚದಿಂದ ಟಣ್ ಟಣ್ ಬಡಿದಳು. ಪಕ್ಕದ ಮನೆಯ ಮಾಳಿಗೆ ಮೇಲಿನ ತಗಡಿನ ಕೋಣೆಯಿಂದ ಸಣ್ಣ ದನಿ ಬಂತು. ಹಳೆಯ ಗಾದಿ ಇಡುವ ಕೋಣೆ. ಬೆಳಗ್ಗೆ ತೆಗೆದಾಗ ಒಳಗೆ ಹೋಗಿದ್ದಾಳೆ, ಅವರು ನೋಡದೆ ಚಿಲಕ ಹಾಕಿದ್ದಾರೆ. ನಮ್ಮ ಮನೆಯಿಂದ ಹದಿನೈದು ಹೆಜ್ಜೆ.

ಕಂಪನಿಗೆ ಫೋನ್ ಮಾಡಿದೆ. “ಸರ್, ಔಟ್‌ಡೋರ್ ಪ್ರಾಡಕ್ಟ್ ಅದು” ಎಂದರು. ಸರಿ ಬಿಡಿ.

ಕೊಳ್ಳಲೇಬೇಕು ಎನ್ನುವವರಿಗೆ ಎರಡು ಮಾತು. ಅಗ್ಗದ ಡಬ್ಬಿಗಳಲ್ಲಿ ಬಹಳಷ್ಟು 2ಜಿ ಮಾತ್ರ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಹಾಗಾಗಿ ಮನೆಯಲ್ಲಿರುವ ಹೆಚ್ಚುವರಿ ಜಿಯೋ ಸಿಮ್ ಹಾಕಿದರೆ ಅದು ಮಾತಾಡುವುದಿಲ್ಲ. 4ಜಿ ಡಬ್ಬಿಯನ್ನೇ ನೋಡಿ. ಸಿಮ್ ಒಳಗೇ ಕೂಡಿಸಿ ಕೊಡುವ ಕಂಪನಿಗಳು ತಿಂಗಳ ಬಾಡಿಗೆ ಕೇಳುತ್ತವೆ. ಎರಡು ವರ್ಷದ ಬಾಡಿಗೆ ಕೂಡಿಸಿ ನೋಡಿ, ಡಬ್ಬಿಗಿಂತ ಅದೇ ಜಾಸ್ತಿ ಆಗಬಹುದು.

ಇನ್ನು ಬಿಸಿಲು. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಏನೂ ಹೊಸದಲ್ಲ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಮಾಳಿಗೆ ಕೋಣೆಯಲ್ಲಿ ಮಧ್ಯಾಹ್ನ ಚಾರ್ಜಿಗೆ ಹಾಕಿದರೆ ಅಷ್ಟು ದಾಟುವುದು ಸುಲಭ. ನಸುಕಿನಲ್ಲಿ ಹಾಕಿ, ಬೆಕ್ಕಿನ ಕೊರಳಿಂದ ಬಿಚ್ಚಿಯೇ ಹಾಕಿ.

ಬ್ಲೂಟೂತ್ ಬಿಲ್ಲೆ

ಇದನ್ನು ಜನ ಜಿಪಿಎಸ್ ಎಂದೇ ತಿಳಿದಿದ್ದಾರೆ. ಅಲ್ಲ. ಇದರಲ್ಲಿ ಉಪಗ್ರಹವೂ ಇಲ್ಲ, ಸಿಮ್ಮೂ ಇಲ್ಲ. ಸುಮ್ನೆ “ನಾನಿಲ್ಲಿದ್ದೇನೆ” ಎಂದು ಆಗಾಗ ಕೂಗುತ್ತಿರುತ್ತದೆ. ಹತ್ತಿರ ಹೋಗುವ ಯಾರದ್ದೋ ಫೋನು ಅದನ್ನು ಕೇಳಿಸಿಕೊಂಡು, ತಾನಿರುವ ಜಾಗವನ್ನು ಕಂಪನಿಗೆ ಹೇಳುತ್ತದೆ. ಆನ್‌ಲೈನಿನಲ್ಲಿ ಮುನ್ನೂರು ರೂಪಾಯಿಗೆ “ಪೆಟ್ ಜಿಪಿಎಸ್” ಎಂದು ಮಾರುವ ಬಿಲ್ಲೆಗಳೂ ಇವೇ. ಸಿಮ್ ಇಲ್ಲ, ತಿಂಗಳ ದುಡ್ಡಿಲ್ಲ, ಗುಂಡಿ ಸೆಲ್ಲು ವರ್ಷ ಬರುತ್ತದೆ ಎಂದರೆ ಅದು ಜಿಪಿಎಸ್ ಆಗಿರಲು ಸಾಧ್ಯವಿಲ್ಲ.

ಹಗುರ ಎನ್ನುವುದು ಇದರ ದೊಡ್ಡ ಗುಣ. ಆಪಲ್ ಕಂಪನಿಯ ಏರ್‌ಟ್ಯಾಗ್ ಎಂಬ ಬಿಲ್ಲೆ ಸುಮಾರು 11 ಗ್ರಾಂ, ಅಗಲ 32 ಮಿಲಿಮೀಟರ್, ದಪ್ಪ 8. ಸಿಆರ್ 2032 ಸೆಲ್ಲು ಹಾಕಿದರೆ ಸುಮಾರು ಒಂದು ವರ್ಷ. ಇದು ಸಾಮಾನು ಹುಡುಕಲು ಮಾಡಿದ್ದು, ಸಾಕುಪ್ರಾಣಿಗಲ್ಲ ಎಂದು ಆಪಲ್ ಹೇಳಿದೆ, ಜನ ಕೇಳಿಲ್ಲ ಅಷ್ಟೇ. ನಾಯಿಗೆಂದು ಮಾಡಿದ ದಪ್ಪ ಸಿಲಿಕಾನ್ ಚೀಲದಲ್ಲಿ ಹಾಕಿದರೆ ಅದರ ತೂಕ ದುಪ್ಪಟ್ಟಾಗುತ್ತದೆ. ಚೀಲದ್ದನ್ನೂ ತೂಗಿ.

ಯಾರ ಫೋನು ಓಡಾಡುತ್ತದೆ ಎನ್ನುವುದರ ಮೇಲೆ ಇದರ ಬದುಕು. ಹೋಳಿ ಹುಣ್ಣಿಮೆ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಯ ದಿನ ನೋಡಬೇಕಿತ್ತು ನೀವು. ಓಣಿ ತುಂಬ ಜನ. ಮಲ್ಲಿಯ ಚುಕ್ಕೆ ನಿಮಿಷ ನಿಮಿಷಕ್ಕೂ ತಾಜಾ. ಮರುವಾರ ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲಿಗೆ ಒಂದು ನರಪಿಳ್ಳೆ ಇಲ್ಲದ ಹೊತ್ತಲ್ಲಿ ನೋಡಿದರೆ “3 ಗಂಟೆ ಹಿಂದೆ ಕಂಡಿತ್ತು” ಎಂದಿತ್ತು. ಮೂರು ಗಂಟೆಯಲ್ಲಿ ಬೆಕ್ಕು ಮೂರು ಮನೆಯ ಮೀನು ತಿಂದು ಬರುತ್ತದೆ.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಏರ್‌ಟ್ಯಾಗಿನ ಕೂಗನ್ನು ಐಫೋನುಗಳು ಕೇಳಿಸಿಕೊಳ್ಳುತ್ತವೆ. ನಮ್ಮ ಓಣಿಯಲ್ಲಿ ಇರುವುದು ಹೆಚ್ಚು ಆಂಡ್ರಾಯ್ಡ್. ಹಾಗಾದರೆ ಗೂಗಲಿನ ಜಾಲಕ್ಕೆ ಸೇರುವ ಬಿಲ್ಲೆ ಕೊಳ್ಳೋಣ ಎಂದರೆ, 2024ರಲ್ಲಿ ಬಂದ ಆ ಜಾಲದಲ್ಲಿ ಫೋನುಗಳ ಮಾಮೂಲಿ ಸೆಟ್ಟಿಂಗು “ಜನ ಜಾಸ್ತಿ ಇರುವ ಕಡೆ ಮಾತ್ರ” ಎಂದಿದೆ. ಅಂದರೆ ಹಲವು ಫೋನುಗಳು ಕಂಡರೆ ಮಾತ್ರ ಜಾಗ ಹೇಳುತ್ತದೆ. ಖಾಲಿ ಓಣಿಯಲ್ಲಿ ಒಬ್ಬ ಹಾಲಿನವನು ಹಾದುಹೋದರೆ ಲೆಕ್ಕಕ್ಕಿಲ್ಲ. ನಾನು ಅಕ್ಕಪಕ್ಕದ ಐದಾರು ಮನೆಗೆ ಹೋಗಿ ಅವರ ಫೋನಲ್ಲಿ “ಎಲ್ಲ ಕಡೆ” ಎಂದು ಬದಲಿಸಿ ಬಂದೆ. ಎರಡು ಕಪ್ ಚಹಾ, ಒಂದು ಪ್ಲೇಟ್ ಚುರುಮುರಿ ಲಾಭ. ನಂತರ ಸ್ವಲ್ಪ ಸುಧಾರಿಸಿತು.

ಬಿಲ್ಲೆ ಹತ್ತಿರ ಇದ್ದಾಗ ಫೋನಿನಿಂದ ಅದನ್ನು ನಮ್ಮ ಕಿವಿಗೂ ಕೇಳುವಂತೆ ಕೂಗಿಸಬಹುದು. ಅಟ್ಟದಲ್ಲಿ ಸಿಕ್ಕಿಕೊಂಡ ಬೆಕ್ಕಿಗೆ ಇದು ಜಿಪಿಎಸ್‌ಗಿಂತ ಉಪಯೋಗ. ಆದರೆ ಎರಡು ಕಲ್ಲುಗೋಡೆ ದಾಟಿದರೆ ಬ್ಲೂಟೂತ್ ಹತ್ತು ಮೀಟರ್ ಹೋದರೆ ಹೆಚ್ಚು. ಮತ್ತೆ ಆ ಕೂಗು ಬೆಕ್ಕಿನ ಕಿವಿಯ ಪಕ್ಕದಲ್ಲೇ. ನಮಗೆ ಕೇಳುವುದು 20 ಕಿಲೋಹರ್ಟ್ಸ್ ತನಕ, ಬೆಕ್ಕಿಗೆ 60ರ ಮೇಲೂ ಕೇಳುತ್ತದೆ, ಅಷ್ಟು ಸೂಕ್ಷ್ಮ ಕಿವಿ. ಮನೆಯಲ್ಲಿ ಮೊದಲು ಕೂಗಿಸಿ, ಕೂಗಿದ ಕೂಡಲೇ ಒಂದು ಚೂರು ಕೋಳಿ ಕೊಟ್ಟು ರೂಢಿ ಮಾಡಿ. ಇಲ್ಲದಿದ್ದರೆ ಕೂಗಿದಾಗೆಲ್ಲ ಇನ್ನೂ ಒಳಗೆ ಸರಿಯುತ್ತದೆ. ಏರ್‌ಟ್ಯಾಗಿನಲ್ಲಿ ಇನ್ನೊಂದು ಪೇಚು: ಮಾಲೀಕನ ಫೋನಿಂದ 8ರಿಂದ 24 ಗಂಟೆ ದೂರ ಉಳಿದು, ಆಮೇಲೆ ಅಲುಗಾಡಿದರೆ ತಾನೇ ಕೂಗುತ್ತದೆ. ಕಳ್ಳತನದಿಂದ ಯಾರನ್ನೋ ಹಿಂಬಾಲಿಸಬಾರದು ಎಂದು ಮಾಡಿದ್ದು. ನೀವು ಮದುವೆಗೆಂದು ಎರಡು ದಿನ ಹೈದರಾಬಾದಿಗೆ ಹೋದರೆ ಮನೆಯಲ್ಲಿ ಬೆಕ್ಕಿನ ಕೊರಳು ಚೀರುತ್ತಿರುತ್ತದೆ. ಹೋಗುವ ಮುಂಚೆ ಬಿಚ್ಚಿಡಿ.

ಗುಂಡಿ ಸೆಲ್ಲಿನ ಬಗ್ಗೆ ಹುಷಾರು. ಮಕ್ಕಳು ನುಂಗಿದರೂ, ನಾಯಿ ಅಗಿದರೂ ಅನ್ನನಾಳ ಸುಡುತ್ತದೆ. ಮುಚ್ಚಳ ಬಿಗಿಯಾಗಿಲ್ಲದ ಅಗ್ಗದ ಬಿಲ್ಲೆ ಬೇಡವೇ ಬೇಡ.

ಕೈಯಲ್ಲಿ ಹಿಡಿದು ಹುಡುಕುವ ರೇಡಿಯೋ

ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಬೆಕ್ಕಿನ ಕೊರಳಿಗೆ ಐದಾರು ಗ್ರಾಂನ ಸಣ್ಣ ಬಿಲ್ಲೆ, ನಿಮ್ಮ ಕೈಯಲ್ಲಿ ರಿಮೋಟಿನಂಥದ್ದೊಂದು. ಅದನ್ನು ಹಿಡಿದು ಸುತ್ತ ತಿರುಗಿದರೆ ಬೆಕ್ಕಿರುವ ದಿಕ್ಕಿಗೆ ದೀಪದ ಬಣ್ಣ ಬದಲಾಗುತ್ತದೆ, ಹತ್ತಿರವಾದಂತೆ ಸದ್ದು ಬದಲಾಗುತ್ತದೆ. ನಕ್ಷೆ ಇಲ್ಲ, ನೆಟ್‌ವರ್ಕ್ ಬೇಡ, ತಿಂಗಳ ದುಡ್ಡಿಲ್ಲ. ಬಯಲಲ್ಲಿ ನೂರು ಮೀಟರಿಗೂ ಹೆಚ್ಚು ಎನ್ನುತ್ತಾರೆ. ಕಲ್ಲುಗೋಡೆಗಳ ನಡುವೆ ಅಷ್ಟೆಲ್ಲ ನಿರೀಕ್ಷೆ ಬೇಡ, ಆದರೆ ಮಾಳಿಗೆ ಹತ್ತಿ ನಿಂತು ತಿರುಗಿಸಿದರೆ ಅನುಕೂಲ.

ಹಳೆಯ ಓಣಿಗಳಿಗೆ ಇದೇ ಸರಿಯಾದ ಯಂತ್ರ ಎನ್ನುವುದು ನನ್ನ ಅಭಿಪ್ರಾಯ. ನಮ್ಮ ಪ್ರಶ್ನೆ “ಯಾರ ಮನೆ ಅಟ್ಟ” ಎನ್ನುವುದಾದರೆ ಇದಕ್ಕಿಂತ ನೇರ ಉತ್ತರ ಕೊಡುವುದು ಇನ್ನೊಂದಿಲ್ಲ. ತೊಂದರೆ ಎಂದರೆ ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಪೂರ್ತಿ ಸುತ್ತಿದರೂ ಸಿಗಲಿಲ್ಲ. ಹೊರದೇಶದಿಂದ ತರಿಸಿದರೆ ಸುಂಕ ಸೇರಿ ಬೆಲೆ ಏರುತ್ತದೆ, ಕೆಟ್ಟರೆ ರಿಪೇರಿ ಮಾಡುವವರಿಲ್ಲ.

ಚಿಪ್ಪು

“ಚಿಪ್ ಹಾಕಿಸಿದ್ರ ಫೋನಿನ್ಯಾಗ ಕಾಣ್ತದೇನ್ರಿ?” ಎಂದು ಕೇಳುವವರು ಬಹಳ. ಕಾಣುವುದಿಲ್ಲ. ಬೆಕ್ಕಿನ ಚರ್ಮದ ಕೆಳಗೆ ಸೇರಿಸುವ, ಅಕ್ಕಿ ಕಾಳಿನಂಥ 12 ಮಿಲಿಮೀಟರ್ ಉದ್ದದ ಚಿಪ್ಪು ಅದು. ಬ್ಯಾಟರಿ ಇಲ್ಲ. ಓದುವ ಯಂತ್ರವನ್ನು ನಾಲ್ಕಾರು ಬೆರಳು ಹತ್ತಿರ ತಂದರೆ 15 ಅಂಕಿಯ ಸಂಖ್ಯೆ ಹೇಳುತ್ತದೆ, ಅಷ್ಟೇ. ಇಂಗ್ಲೆಂಡಿನಲ್ಲಿ 2024ರ ಜೂನಿನಿಂದ ಬೆಕ್ಕಿಗೆ ಇದು ಕಡ್ಡಾಯ. ಅಲ್ಲಿ ಸಿಕ್ಕ ಬೆಕ್ಕನ್ನು ಡಾಕ್ಟರ ಹತ್ತಿರ ಒಯ್ದು ಓದಿಸುವ ರೂಢಿ ಇದೆ. ನಮ್ಮಲ್ಲಿ ಸಿಕ್ಕ ಬೆಕ್ಕಿಗೆ ಹಾಲು ಹಾಕಿ ಇಟ್ಟುಕೊಳ್ಳುವ ರೂಢಿ. ಭಾರ ಎನ್ನುವುದೇ ಇಲ್ಲದ್ದು ಇದೊಂದೇ, ಅದನ್ನು ಒಪ್ಪಬೇಕು. ಹಾಕಿಸುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಓದುವ ಯಂತ್ರ ಇದೆಯಾ ಎಂದು ಕೇಳಿ.

ಪಟ್ಟಿಯೇ ಮುಖ್ಯ, ಯಂತ್ರ ಆಮೇಲೆ

ಮೇಲೆ ಹೇಳಿದ ಯಾವುದನ್ನೇ ಕೊಂಡರೂ ಬೆಕ್ಕಿಗೆ ತಾಗುವುದು ಪಟ್ಟಿ. ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ.

ಬೆಕ್ಕು ಹತ್ತುವ ಪ್ರಾಣಿ. ಪಟ್ಟಿ ಬೇವಿನ ಕೊಂಬೆಗೋ, ಕಿಟಕಿಯ ಸರಳಿಗೋ ಸಿಕ್ಕಿದರೆ ನೇತಾಡುತ್ತದೆ. ಹಾಗಾಗಿ ಎಳೆದರೆ ತಾನೇ ಬಿಚ್ಚುವ ಕೊಂಡಿ ಇರಲೇಬೇಕು. “ಸೇಫ್ಟಿ” ಎಂದು ಬರೆದದ್ದನ್ನು ನಂಬಬೇಡಿ, ಪರೀಕ್ಷೆ ಮಾಡಿ. ಪಟ್ಟಿಯನ್ನು ಹಾಕಿ ಮುಚ್ಚಿ, ಬಾಗಿಲ ಹಿಡಿಕೆಗೆ ಸಿಕ್ಕಿಸಿ, ಅದಕ್ಕೆ ಎರಡು ಲೀಟರ್ ನೀರಿನ ಬಾಟಲಿ ನೇತುಹಾಕಿ. ಅದು ಎರಡು ಕಿಲೋ. ಕೊಂಡಿ ಬಿಚ್ಚಿಕೊಳ್ಳಬೇಕು. ಬಿಚ್ಚದಿದ್ದರೆ ನಿಮ್ಮ ಎರಡೂಮುಕ್ಕಾಲು ಕಿಲೋ ಬೆಕ್ಕು ನೇತಾಡಿದಾಗ ಬಿಚ್ಚೀತು ಎನ್ನುವ ಭರವಸೆ ಏನು? ನಾನು ತಂದ ಮೂರು ಪಟ್ಟಿಗಳಲ್ಲಿ ಎರಡು ಬಿಚ್ಚಲಿಲ್ಲ.

ಇಲ್ಲೊಂದು ಜಗ್ಗಾಟ ಇದೆ. ಸುಲಭವಾಗಿ ಬಿಚ್ಚುವ ಕೊಂಡಿಗೆ ಭಾರದ ಡಬ್ಬಿ ಹಾಕಿದರೆ, ಬೆಕ್ಕು ಗೋಡೆಯಿಂದ ಧುಮುಕಿದ ಜರ್ಕಿಗೇ ಬಿಚ್ಚಿ ಬೀಳುತ್ತದೆ. ಆರೇಳು ಸಾವಿರದ ಯಂತ್ರ ಯಾರದೋ ಹಿತ್ತಲಲ್ಲಿ. ಅದಕ್ಕೇ ಕೆಲವು ಕಂಪನಿಗಳು ಬಿಚ್ಚದ ಕೊಂಡಿ ಹಾಕುತ್ತವೆ, ಯಂತ್ರ ಉಳಿಯಲಿ ಎಂದು. ಬೆಕ್ಕು ಉಳಿಯುವುದು ಮುಖ್ಯ ಅಲ್ವಾ? ಯಂತ್ರ ಹಗುರವಾದಷ್ಟೂ ಈ ಜಗ್ಗಾಟ ಕಡಿಮೆ. ಎಲಾಸ್ಟಿಕ್ ಪಟ್ಟಿ ಮಾತ್ರ ಬೇಡ. ಅದು ಹಿಗ್ಗಿದಾಗ ಬೆಕ್ಕು ಮುಂಗಾಲನ್ನು ಒಳಗೆ ತೂರಿಸಿಬಿಡುತ್ತದೆ, ಆಮೇಲೆ ಕಂಕುಳಲ್ಲಿ ಕೊರೆಯುತ್ತದೆ.

ಆಕಾರದ ಮಾತು. ಮಲ್ಲಿಯ ಕೊರಳ ಸುತ್ತಳತೆ 22 ಸೆಂಟಿಮೀಟರ್. ಅಡ್ಡಗಲ ಏಳು. ಇಂಥ ಗುಂಡಗಿನ ಕೊರಳ ಮೇಲೆ ಐದು ಸೆಂಟಿಮೀಟರ್ ಉದ್ದದ ಸಪಾಟು ಡಬ್ಬಿ ಇಟ್ಟರೆ ನಡುವೆ ಮಾತ್ರ ತಾಗುತ್ತದೆ. ಎರಡೂ ತುದಿ ಎಂಟು ಮಿಲಿಮೀಟರ್ ಮೇಲೆದ್ದು ನಿಲ್ಲುತ್ತವೆ. ಭಾರವೆಲ್ಲ ನಡುವಿನ ಒಂದು ಗೆರೆಯ ಮೇಲೆ. ಎದ್ದ ತುದಿ ಗದ್ದಕ್ಕೆ ಬಡಿಯುತ್ತದೆ, ಬಾಗಿಲ ಸಂದಿಗೆ ಸಿಕ್ಕುತ್ತದೆ. ನನ್ನ ಡಬ್ಬಿಯಲ್ಲಿ ಆಗಿದ್ದು ಇದೇ. ಮಲ್ಲಿ ನೀರು ಕುಡಿಯಲು ಬಗ್ಗಿದರೆ ಸ್ಟೀಲ್ ಬಟ್ಟಲಿಗೆ ಟಕ್. ಬೆಚ್ಚಿ ಹಿಂದೆ ಸರಿಯುವಳು. ಮತ್ತೆ ಬಗ್ಗುವಳು, ಟಕ್. ಮೂರನೇ ದಿನ ಬಟ್ಟಲು ಬಿಟ್ಟು ಬಚ್ಚಲ ನೆಲದ ನೀರು ನೆಕ್ಕಲು ಶುರು ಮಾಡಿದಳು. ಕೊರಳಿಗೆ ತಕ್ಕಂತೆ ಬಾಗಿದ ಡಬ್ಬಿಯೇ ನೋಡಿ, ಇಲ್ಲದಿದ್ದರೆ ಮೂರು ಸೆಂಟಿಮೀಟರ್ ಒಳಗಿನ ಸಣ್ಣ ಬಿಲ್ಲೆ.

ಭಾರವಾದದ್ದು ಸುತ್ತಿ ಸುತ್ತಿ ಗದ್ದದ ಕೆಳಗೇ ಬಂದು ನಿಲ್ಲುತ್ತದೆ. ಜಿಪಿಎಸ್‌ಗೆ ಬೇಕಾದದ್ದು ಆಕಾಶ, ಇದು ನೋಡುವುದು ನೆಲ. ಮೇಲೆ ಬೆಕ್ಕಿನ ತಲೆ ಅಡ್ಡ. ಹುಲಿ, ಚಿರತೆಗೆ ಹಾಕುವ ಪಟ್ಟಿಗಳಲ್ಲಿ ಇದಕ್ಕೊಂದು ಉಪಾಯ ಇದೆ: ಬ್ಯಾಟರಿ ಕೆಳಗೆ, ಆಂಟೆನಾ ಮೇಲೆ. ಕೆಳಗಿನ ಭಾರವೇ ಮೇಲಿನದನ್ನು ನೆಟ್ಟಗೆ ನಿಲ್ಲಿಸುತ್ತದೆ. ಬೆಕ್ಕಿನ ಪಟ್ಟಿಯಲ್ಲೂ ಹೀಗೆ ಎರಡು ತುಂಡು ಮಾಡಿ ಹಂಚಿದರೆ ಕೊರಳಿಗೂ ಹಿತ, ಸಿಗ್ನಲ್ಲಿಗೂ ಹಿತ. ನಾನು ತರಿಸಿದ್ದರಲ್ಲಿ ಎಲ್ಲವೂ ಒಂದೇ ಡಬ್ಬಿಯಲ್ಲಿ ತುರುಕಿದ್ದವು.

ಬಟ್ಟೆ ಎಂದರೆ ಒಂದು ಸೆಂಟಿಮೀಟರ್ ಅಗಲದ ಮೆತ್ತನೆ ನೈಲಾನ್ ಸಾಕು. ಸಿಲಿಕಾನ್ ಮಳೆಗಾಲದಲ್ಲಿ ಕೆಳಗೆ ಪಸೆ ಹಿಡಿಯುತ್ತದೆ. ಚರ್ಮದ್ದು ನೆನೆದು ಒಣಗಿ ಗಟ್ಟಿಯಾಗುತ್ತದೆ. ವೆಲ್ಕ್ರೋ ಕೂದಲು ಕೀಳುತ್ತದೆ. ಪಟ್ಟಿ ಮತ್ತು ಕೊರಳ ನಡುವೆ ಎರಡು ಬೆರಳು ಹೋಗಬೇಕು. ಗೆಜ್ಜೆಯೂ ಇದೆ, ಚಿಗಟದ ಪಟ್ಟಿಯೂ ಇದೆ, ಟ್ರ್ಯಾಕರೂ ಇದೆ ಎಂದು ಮೂರು ಹಾಕಬೇಡಿ. ಜಾತ್ರೆ ಎತ್ತಲ್ಲ ಅದು.

ರೂಢಿ ಮಾಡಿಸುವುದು ನಿಧಾನದ ಕೆಲಸ. ಮೊದಲ ವಾರ ಬರೀ ಪಟ್ಟಿ, ದಿನಕ್ಕೆ ಒಂದು ತಾಸು. ಆಮೇಲೆ ಟೇಲರ್ ಹತ್ತಿರ ಸಣ್ಣ ಬಟ್ಟೆ ಚೀಲ ಹೊಲಿಸಿ, ಅದರಲ್ಲಿ ಐದು ರೂಪಾಯಿಯ ನಾಣ್ಯ ಹಾಕಿ ಪಟ್ಟಿಗೆ ಸೇರಿಸಿ. ಒಂದು ನಾಣ್ಯ ಸುಮಾರು 6 ಗ್ರಾಂ. ಒಂದು, ಎರಡು, ಮೂರು. ಎಷ್ಟು ನಾಣ್ಯಕ್ಕೆ ಬೆಕ್ಕಿನ ನಡಿಗೆ ಬದಲಾಗುತ್ತದೆ ನೋಡಿ. ಮಲ್ಲಿ ಮೂರರ ತನಕ ಸುಮ್ಮನಿದ್ದಳು. ನಾಲ್ಕನೆಯದಕ್ಕೆ ನೆಲದಿಂದ ಗೋಡೆಯ ಮಾಡಕ್ಕೆ ಒಂದೇ ಜಿಗಿತದಲ್ಲಿ ಏರುವವಳು ನಡುವೆ ಕುರ್ಚಿಗೆ ಕಾಲಿಟ್ಟಳು. ಯಂತ್ರ ಕೊಳ್ಳುವ ಮುಂಚೆಯೇ ಇದು ಗೊತ್ತಾಗಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. ಹಿಂಗಾಲಲ್ಲಿ ಪದೇ ಪದೇ ಕೆರೆಯುವುದು, ಹಿಂದೆ ಹಿಂದೆ ನಡೆಯುವುದು, ಮೈ ನೆಕ್ಕುವುದು ಬಿಡುವುದು, ಗದ್ದದ ಕೆಳಗೆ ಕೂದಲು ತೆಳುವಾಗುವುದು ಕಂಡರೆ ಬಿಚ್ಚಿಬಿಡಿ. ವಾರಕ್ಕೊಮ್ಮೆ ಕೂದಲು ಸರಿಸಿ ಚರ್ಮ ನೋಡಿ.

ಯಾರಿಗೆ ಯಾವುದು

ಜೇವರ್ಗಿ ರಸ್ತೆ ಕಡೆ ಅಪಾರ್ಟ್‌ಮೆಂಟಿನಲ್ಲಿದ್ದರೆ ಯಾವ ಟ್ರ್ಯಾಕರೂ ಬೇಡ. ಆ ದುಡ್ಡಿಗೆ ಕಿಟಕಿ, ಬಾಲ್ಕನಿಗೆ ಜಾಳಿಗೆ ಹಾಕಿಸಿ.

ಕಲಬುರಗಿಯ ಶಹಾಬಜಾರ್, ಬ್ರಹ್ಮಪುರ ಕಡೆಯ ಹಳೆಯ ಓಣಿಗಳಿಗೆ, ಬೀದರ್ ಕೋಟೆಯ ಸುತ್ತಿನ ಹಳೆಯ ಊರಿಗೆ ಹಗುರ ಬ್ಲೂಟೂತ್ ಬಿಲ್ಲೆ. ತರಿಸುವ ಶಕ್ತಿ ಇದ್ದರೆ ಕೈ ರೇಡಿಯೋ. ಜಿಪಿಎಸ್‌ಗೆ ಇಲ್ಲಿ ದುಡ್ಡು ಹಾಕಬೇಡಿ.

ಊರ ಹೊರಗೆ, ತೊಗರಿ ಹೊಲದ ಪಕ್ಕ ಮನೆ ಇದ್ದರೆ ಮಾತು ಬೇರೆ. ಯಾದಗಿರಿ ಕಡೆ ಇರುವ ನಮ್ಮ ಅಕ್ಕನ ಮನೆ ಹಾಗಿದೆ. ಸುತ್ತ ಆಕಾಶ, ಹಾದುಹೋಗುವ ಫೋನುಗಳಿಲ್ಲ. ಬ್ಲೂಟೂತ್ ಅಲ್ಲಿ ಸತ್ತ ಹಾಗೆ. ಆಳೆತ್ತರದ ತೊಗರಿಯಲ್ಲಿ ಬೆಕ್ಕು ಕಣ್ಣಿಗೂ ಕಾಣುವುದಿಲ್ಲ. ಅಲ್ಲಿ 4ಜಿ ಜಿಪಿಎಸ್, ಆದರೆ ಬೆಕ್ಕು ಮೂರೂವರೆ ಕಿಲೋ ಮೇಲಿದ್ದರೆ ಮಾತ್ರ. ಕೊಳ್ಳುವ ಮುಂಚೆ ಅದೇ ಕಂಪನಿಯ ಸಿಮ್ ಇರುವ ಫೋನು ಹಿಡಿದು ಹೊಲದ ತುದಿ ತನಕ ನಡೆದು ನೆಟ್‌ವರ್ಕ್ ನೋಡಿ. ಅಕ್ಕನ ಹೊಲದಲ್ಲಿ ಬದು ದಾಟಿದರೆ ಒಂದು ಗೆರೆಯೂ ಇಲ್ಲ.

ಗಂಡು ಬೆಕ್ಕು ವಾರಗಟ್ಟಲೆ ಮಾಯವಾಗುತ್ತಿದ್ದರೆ ಟ್ರ್ಯಾಕರಿಗಿಂತ ಮೊದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಅಲೆದಾಟ ಬಹಳ ಕಡಿಮೆಯಾಗುತ್ತದೆ. ಬೀದರಿನವರಿಗೆ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ವಿಚಾರಿಸಿ.

ಈಗ ಮಲ್ಲಿಯ ಕೊರಳಲ್ಲಿರುವುದು 17 ಗ್ರಾಂ. ನೈಲಾನ್ ಪಟ್ಟಿ, ಸುಲಭವಾಗಿ ಬಿಚ್ಚುವ ಕೊಂಡಿ, ಟೇಲರ್ ಹೊಲಿದ ಚೀಲದಲ್ಲಿ ಒಂದು ಬಿಲ್ಲೆ. ಪಟ್ಟಿಯ ಮೇಲೆ ದಾರದಿಂದ ನನ್ನ ಫೋನ್ ನಂಬರ್ ಹೊಲಿಸಿದ್ದೇನೆ, ಹತ್ತು ಅಂಕಿ, ಕೆಂಪು ದಾರ. ಮೂರು ಸಲ ಪಟ್ಟಿ ಬಿಚ್ಚಿ ಬಿದ್ದಿದೆ, ಎರಡು ಸಲ ಓಣಿಯ ಹುಡುಗರು ತಂದುಕೊಟ್ಟಿದ್ದಾರೆ. ಹೋದ ವಾರ ಮತ್ತೆ ಕಾಣಲಿಲ್ಲ. ಬಿಲ್ಲೆ “2 ಗಂಟೆ ಹಿಂದೆ” ಎಂದು ಹೇಳುತ್ತಾ ಕೂತಿತ್ತು. ಮಾಳಿಗೆ ಹತ್ತಿ ಕೂಗುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ಕೆಂಪು ದಾರದ ಪಟ್ಟಿ ಬೆಕ್ಕು ನಿಮ್ದೇ ಏನ್ರಿ? ನಮ್ ಅಂಗಡ್ಯಾಗ ಜ್ವಾಳದ ಚೀಲದ ಮ್ಯಾಲ ಮಲಗ್ಯದ. ಶಟರ್ ಹಾಕೋ ಟೈಮ್ ಆತು, ಲಗೂನ ಬರ್ರಿ.”